ಅಜ್ಜನ ಕೋವಿ ಕೊಯ್ಯಬೇಕೋ, ಬೇಡವೋ

ನವೆಂಬರ್ ತಿಂಗಳ ಒಂದು ಬೆಳಿಗ್ಗೆ. ನಾನು ರಜೆಗೆ ಊರಿಗೆ ಬಂದು ಎರಡು ದಿನ ಆಗಿತ್ತು. ಎದ್ದು ಜಗಲಿಗೆ ಬಂದರೆ ಅಣ್ಣ ಅಜ್ಜನ ಕೋವಿಯನ್ನು ಅಟ್ಟದಿಂದ ಇಳಿಸಿ, ಗೋಣಿಚೀಲದ ಮೇಲೆ ಮಲಗಿಸಿ, ಟೇಪು ಹಿಡಿದು ಅಳತೆ ಮಾಡುತ್ತಿದ್ದ. ಕೈಯಲ್ಲಿ ಸೀಮೆಸುಣ್ಣ. ನಳಿಗೆಯ ಮೇಲೆ ಒಂದು ಕಡೆ ಬಿಳಿ ಗೆರೆ ಎಳೆದಿದ್ದ.

"ಇಲ್ಲಿಗೆ ಕೊಯ್ದ್ರೆ ಆಯ್ತು. ಮುಕ್ಕಾಲು ಅಡಿ ಹೋಗ್ತದೆ. ಕೈಗೆ ಹಗುರ ಆಗ್ತದೆ" ಅಂದ.

"ಎಂತಕ್ಕೆ ಮಾರಾಯ?" ಅಂದೆ.

"ಗದ್ದೆಗೆ ಹೋಗಿ ನೋಡ್ಕಂಡು ಬಾ, ಆಮೇಲೆ ಕೇಳು."

ಹೋಗಿ ನೋಡಿದೆ. ಕೊಯ್ಲಿಗೆ ಇನ್ನು ಹದಿನೈದು ದಿನ ಇದ್ದ ಭತ್ತ. ಕೆಳಗಿನ ಎರಡು ಗದ್ದೆಯಲ್ಲಿ ಯಾರೋ ಚಾಪೆ ಹಾಸಿ ಹೊರಳಾಡಿದ ಹಾಗೆ ಮಲಗಿತ್ತು. ತೆನೆ ಜಗಿದು ಉಗಿದಿದ್ದವು. ಅಂಚು ಕಿತ್ತು ನೀರು ಹರಿದು ಹೋಗಿತ್ತು. ಕೆಸರಿನಲ್ಲಿ ಗೊರಸಿನ ಗುರುತು, ದೊಡ್ಡದು, ಸಣ್ಣದು, ಮರಿಗಳದ್ದು. ಹದಿನೆಂಟು ಚೀಲ ಬರಬೇಕಿದ್ದ ಭತ್ತ ಕೊನೆಗೆ ಮನೆಗೆ ಬಂದಿದ್ದು ಏಳು ಚೀಲ. ಗದ್ದೆ ಬದಿಯಲ್ಲಿ ನಿಂತು ಸ್ವಲ್ಪ ಹೊತ್ತು ನನಗೂ ಅನ್ನಿಸಿದ್ದು ಒಂದೇ: ಕೋವಿ ಕೊಯ್ಯಲಿ.

ನಮ್ಮ ಮನೆ ಇರುವುದು ಕಾರ್ಗಲ್‌ನಿಂದ ಅರಳಗೋಡಿನ ಕಡೆ ಹೋಗುವಾಗ. ನಾವು ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿಯ ನೀರು ಏರಿದಾಗ ಅಜ್ಜನ ಊರು ನೀರಿಗೆ ಹೋಯಿತು. ಅಜ್ಜನಿಗೆ ಆಗ ಇಪ್ಪತ್ತಮೂರು ವರ್ಷ. ಒಂದು ಗಾಡಿಯಲ್ಲಿ ಪಾತ್ರೆ, ಬಾಗಿಲು, ನೇಗಿಲು ಹೇರಿಕೊಂಡು ಬಂದು ಕಾಡಿನ ಅಂಚಿನಲ್ಲಿ ಮನೆ ಕಟ್ಟಿದರು. ಕಾಡಿನ ಅಂಚಿನಲ್ಲಿ ಗದ್ದೆ ಮಾಡಿದ ಮೇಲೆ ಹಂದಿ ಬಂದೇ ಬರುತ್ತದೆ. ಹಾಗಾಗಿ 1970ರಲ್ಲಿ ಅಜ್ಜ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಮಾಡಿಸಿ ಕೋವಿ ತಂದರು.

ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿರುವುದು ಕೇಪಿನ ಕೋವಿ ಅಥವಾ ಒಂಟಿ ನಳಿಗೆಯ ತೋಟೆ ಕೋವಿ. ಅಜ್ಜನದು ಅದ್ಯಾವುದೂ ಅಲ್ಲ. ನೋಡಲು ಹಳೇ ಪೊಲೀಸರ ತ್ರೀ ನಾಟ್ ತ್ರೀ ಥರವೇ ಇದೆ. ನಳಿಗೆಯ ತುದಿಯವರೆಗೂ ಮರ. ಪಕ್ಕದಲ್ಲಿ ಎಳೆದು ತಿರುಗಿಸುವ ಬೋಲ್ಟು. ಹಿಡಿಯ ಹತ್ತಿರ ಕಬ್ಬಿಣದ ಮೇಲೆ ಕಿರೀಟದ ಗುರುತು, ಅದರ ಕೆಳಗೆ ಇಶಾಪೋರ್ ಅಂತ ಇಂಗ್ಲಿಷ್ ಅಕ್ಷರ. ಇಸವಿ ಸವೆದು 19 ಅನ್ನುವುದು ಮಾತ್ರ ಕಾಣುತ್ತದೆ. ಹತ್ತಿರ ಹತ್ತಿರ ನಾಲ್ಕು ಕೆಜಿ ತೂಕ. ಅಜ್ಜ ಇದಕ್ಕೆ ಮಸ್ಕೆಟ್ ಅನ್ನುತ್ತಾರೆ. ಯಾವುದೋ ಇಲಾಖೆಯವರು ಬೇಡ ಅಂತ ಹೊರಹಾಕಿದ ಮಾಲು, ಶಿವಮೊಗ್ಗದ ಕೋವಿ ಅಂಗಡಿಯಲ್ಲಿ ಕಡಿಮೆಗೆ ಸಿಕ್ಕಿತು ಅನ್ನುವುದು ಅವರು ಹೇಳುವ ಕತೆ.

ನನಗೆ ಬುದ್ಧಿ ಬಂದಾಗಿನಿಂದ ಆ ಕೋವಿಯ ಸದ್ದು ಕೇಳಿಲ್ಲ. ತೋಟೆ ಸಿಗುವುದಿಲ್ಲ ಅಂತ ಅಜ್ಜ ಹೇಳುತ್ತಿದ್ದರು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಳ್ಳುವುದು, ಚುನಾವಣೆ ಬಂದಾಗ ಠಾಣೆಗೆ ಹೋಗಿ ಕೂರುವುದು, ಇವೆರಡೇ ಅದರ ಕೆಲಸ. ಪಂಚಾಯ್ತಿ, ವಿಧಾನಸಭೆ, ಲೋಕಸಭೆ, ಯಾವುದೇ ಇರಲಿ, ಅಜ್ಜ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೆಗೆದುಕೊಂಡು ಹೋಗಿ ಜಮಾ ಮಾಡಿ ರಸೀದಿ ತರಬೇಕು. ಎಲ್ಲರ ಕೋವಿಯನ್ನೂ ಕಣ್ಣುಮುಚ್ಚಿ ಜಮಾ ಮಾಡಿಸಬೇಕಿಲ್ಲ, ಸ್ಕ್ರೀನಿಂಗ್ ಸಮಿತಿ ಒಬ್ಬೊಬ್ಬರದ್ದೂ ನೋಡಿ ತೀರ್ಮಾನಿಸಬೇಕು ಅಂತ ನಿಯಮ ಇದೆ. ಆದರೂ ನಮ್ಮ ಕಡೆ ಬೆಳೆ ಕಾಯುವ ಹೊತ್ತಿಗೆ ಸರಿಯಾಗಿ ಕೋವಿಗಳೆಲ್ಲ ಠಾಣೆಯಲ್ಲಿರುತ್ತವೆ ಅನ್ನುವುದು ಮಲೆನಾಡಿನ ರೈತರ ಹಳೇ ದೂರು. ಅಜ್ಜನ ಟ್ರಂಕಿನಲ್ಲಿ ಆ ರಸೀದಿಗಳದ್ದೇ ಒಂದು ಕಟ್ಟು ಇದೆ.

ಅಣ್ಣನ ಲೆಕ್ಕ ಸರಳ. ಕೋವಿ ಇದೆ, ಲೈಸೆನ್ಸ್ ಇದೆ. ಇಲ್ಲದಿರುವುದು ತೋಟೆ. ಹಾಗಾದರೆ ಎಲ್ಲಾ ಕಡೆ ಸಿಗುವ ಹನ್ನೆರಡು ಬೋರಿನ ತೋಟೆ ಹಿಡಿಯುವ ಹಾಗೆ ಮಾಡಿಸಿದರಾಯ್ತು. ಉದ್ದ ಜಾಸ್ತಿ, ಮಾಳದ ಮೇಲೆ ಕೂತಾಗ ತಿರುಗಿಸಲು ಆಗುವುದಿಲ್ಲ. ಹಾಗಾದರೆ ಕೊಯ್ಯಿಸಿದರಾಯ್ತು. ಪೇಟೆಯಲ್ಲಿ ಲೇತ್ ಇಟ್ಟುಕೊಂಡವರು ಒಬ್ಬರು ಆಗ್ತದೆ ಅಂದಿದ್ದರಂತೆ.

"ಹಂದಿಗೇ ಅಲ್ವಾ? ಮನುಷ್ಯರಿಗಲ್ಲವಲ್ಲ" ಅಂತ ಕೊನೆಗೆ ಸೇರಿಸಿದ. ಅಂದ ಮೇಲೆ ಅವನೇ ಸ್ವಲ್ಪ ನಕ್ಕ. ಹಂದಿ ಬಿದ್ದರೆ ಗದ್ದೆಯೂ ಉಳಿಯಿತು, ನಾಲ್ಕು ಮನೆಗೆ ಸಾರೂ ಆಯಿತು ಅನ್ನುವುದು ಆ ನಗುವಿನಲ್ಲಿತ್ತು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಿಕಾರಿ ಅನ್ನುವ ಮಾತು ಕೇಳಿದರೆ ಇವತ್ತಿಗೂ ನಮ್ಮೂರಿನ ಗಂಡಸರ ಬೆನ್ನು ನೆಟ್ಟಗಾಗುತ್ತದೆ.

ಅಜ್ಜ ಜಗಲಿಯ ಕಂಬಕ್ಕೆ ಒರಗಿ ಕವಳ ಹಾಕುತ್ತಾ ಎಲ್ಲಾ ಕೇಳಿಸಿಕೊಳ್ಳುತ್ತಿದ್ದರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ನಾನು ಪತ್ರಿಕೋದ್ಯಮ ಓದಿದವಳು. ನನ್ನಿಂದ ಮನೆಗೆ ಆಗುವ ಉಪಯೋಗ ಎಂದರೆ ಕಾಗದ ಓದುವುದು ಮತ್ತು ನಾಲ್ಕು ಜನರನ್ನು ಕೇಳುವುದು. "ಒಂದು ವಾರ ಟೈಮ್ ಕೊಡು, ಕೇಳಿ ಬರ್ತೀನಿ" ಅಂದೆ. ಅಣ್ಣ ಸೀಮೆಸುಣ್ಣ ಎಸೆದು ಎದ್ದು ಹೋದ.

ಮೊದಲು ಹೋಗಿದ್ದು ಶಿವಮೊಗ್ಗಕ್ಕೆ, ಲೈಸೆನ್ಸ್ ಇರುವ ಕೋವಿ ವ್ಯಾಪಾರಿಯ ಹತ್ತಿರ. ಕೋವಿ ಹಿಡಿದುಕೊಂಡು ಹೋಗಲು ಲೈಸೆನ್ಸ್ ಇದ್ದವರೇ ಬೇಕು. ಹಾಗಾಗಿ ಅಜ್ಜನೂ ಬಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೋವಿಯನ್ನು ಮೊಮ್ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದರು.

ವ್ಯಾಪಾರಿ ವಯಸ್ಸಾದವರು. ಬೋಲ್ಟು ತೆಗೆದು ನಳಿಗೆಯನ್ನು ಬೆಳಕಿಗೆ ಹಿಡಿದು ನನ್ನನ್ನು ಕರೆದರು. "ನೋಡಿ ಮೇಡಂ, ಒಳಗೆ ಏನು ಕಾಣ್ತದೆ?"

"ಏನೂ ಇಲ್ಲ. ನುಣ್ಣಗಿದೆ."

"ಅದೇ. ರೈಫಲ್ ಆಗಿದ್ರೆ ಒಳಗೆ ಸುರುಳಿ ಗೀರು ಇರ್ಬೇಕಿತ್ತು. ಆ ಗೀರಿನಿಂದ ಗುಂಡು ಬುಗುರಿ ಹಾಗೆ ತಿರುಗ್ತಾ ದೂರ ಹೋಗ್ತದೆ. ಇದರಲ್ಲಿ ತೆಗೆದುಬಿಟ್ಟಿದ್ದಾರೆ."

ಆಮೇಲೆ ಕೆಳಗೆ ತಿರುಗಿಸಿ ತೋರಿಸಿದರು. ಹತ್ತು ಗುಂಡು ತುಂಬುವ ಪೆಟ್ಟಿಗೆ ಇರಬೇಕಾದ ಜಾಗದಲ್ಲಿ ಒಂದು ಮರದ ತುಂಡು ಕೂರಿಸಿದ್ದರು. ಒಂದು ಸಲಕ್ಕೆ ಒಂದೇ ತೋಟೆ ಹಾಕಬೇಕು, ಹೊಡೆಯಬೇಕು, ತೆಗೆಯಬೇಕು. ಇಷ್ಟು ವರ್ಷ ಮನೆಯಲ್ಲಿದ್ದರೂ ನಾನದನ್ನು ನೋಡಿರಲಿಲ್ಲ.

ಅವರು ಹೇಳಿದ್ದನ್ನು ಆಮೇಲೆ ನಾನೂ ಓದಿ ನೋಡಿದೆ. ಕೋಲ್ಕತ್ತಾ ಹತ್ತಿರದ ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ಬ್ರಿಟಿಷರ ಕಾಲದಲ್ಲಿ ಲೀ-ಎನ್‌ಫೀಲ್ಡ್ ರೈಫಲ್‌ಗಳನ್ನು ಹೀಗೆ ಬದಲಾಯಿಸಿ .410 ಮಸ್ಕೆಟ್ ಮಾಡುತ್ತಿದ್ದರು. ಇವು ಪೊಲೀಸರಿಗೆ, ಜೈಲು ಕಾವಲಿನವರಿಗೆ. ದಂಗೆ ಎದ್ದರೂ ಆ ಕೋವಿಯಿಂದ ದೂರಕ್ಕೆ ಹೊಡೆಯಲು ಆಗಬಾರದು, ಸೈನ್ಯದ ತ್ರೀ ನಾಟ್ ತ್ರೀ ಗುಂಡು ಕದ್ದು ತಂದರೂ ಇದಕ್ಕೆ ಆಗಬಾರದು. ಇದು ಹೊಸ ಬುದ್ಧಿಯೂ ಅಲ್ಲ. 1857ರ ದಂಗೆಯ ನಂತರವೂ ಭಾರತೀಯ ಸಿಪಾಯಿಗಳಿಗೆ ಕೊಟ್ಟ ಕೋವಿಗಳ ನಳಿಗೆಯಲ್ಲಿ ಗೀರು ತೆಗೆದು ನುಣ್ಣಗೆ ಮಾಡಿದ್ದರು.

ಅಂದರೆ ನಾವು ಕೊಯ್ಯಬೇಕೋ ಬೇಡವೋ ಅಂತ ಜಗಳ ಆಡುತ್ತಿದ್ದ ಕೋವಿಯನ್ನು ಒಂದು ಸರ್ಕಾರ ಆಗಲೇ ಒಂದು ಸಲ ಬದಲಾಯಿಸಿತ್ತು. ನಂಬಿಕೆ ಇಲ್ಲದ ಕೈಗೆ ಕೊಡಲು ಹಲ್ಲು ಕಿತ್ತ ಕೋವಿ ಅದು.

"ಹನ್ನೆರಡು ಬೋರು ಮಾಡೋಕೆ ಆಗ್ತದಾ?" ಕೇಳಿದೆ.

ವ್ಯಾಪಾರಿ ಒಂದು ಹನ್ನೆರಡು ಬೋರಿನ ಖಾಲಿ ತೋಟೆ ತಂದು ನಳಿಗೆಯ ಬಾಯಿಗೆ ಹಿಡಿದರು. ನಮ್ಮ ಕೋವಿಯ ತೂತು ಸುಮಾರು ಹತ್ತು ಮಿಲಿಮೀಟರ್. ಹನ್ನೆರಡು ಬೋರಿಗೆ ಬೇಕಾದ ತೂತು ಹದಿನೆಂಟು ಮಿಲಿಮೀಟರಿಗಿಂತ ಜಾಸ್ತಿ. ಅಷ್ಟು ಕೊರೆದರೆ ನಳಿಗೆಯ ಗೋಡೆಯೇ ಉಳಿಯುವುದಿಲ್ಲ. "ಕಬ್ಬಿನ ಒಳಗೆ ಬಾಳೆಹಣ್ಣು ತೂರಿಸಿದ ಹಾಗೆ" ಅಂದರು. ಹೊಸ ನಳಿಗೆಯೇ ಹಾಕಿಸಿದರೆ ಅದು ಹೊಸ ಕೋವಿ ತಯಾರಿಸಿದ ಹಾಗೆ. ಮತ್ತೆ ತ್ರೀ ನಾಟ್ ತ್ರೀ ಮಾಡಿಸುತ್ತೇನೆ ಅಂದರೆ ಆ ಬೋರು ಜನಸಾಮಾನ್ಯರಿಗೆ ನಿಷೇಧ. ನಾಗರಿಕರಿಗೆ ಅಂತಲೇ .315 ಬೋರಿನ ರೈಫಲ್ ಅನ್ನು ಸರ್ಕಾರಿ ಕಾರ್ಖಾನೆಗಳು ಬೇರೆಯಾಗಿ ತಯಾರಿಸಿದ್ದು ಅದಕ್ಕೇ.

"ಲೇತಿನವರು ಆಗ್ತದೆ ಅಂದ್ರಂತೆ" ಅಂದೆ.

"ಲೇತಿಗೆ ಕಬ್ಬಿಣ ಎಲ್ಲಾ ಒಂದೇ. ಕೋವಿಗೆ ಹಾಗಲ್ಲ. ಕಾರ್ಖಾನೆಯಲ್ಲಿ ಮಾಡಿದ ಕೋವಿಗೆ ಜಾಸ್ತಿ ಮದ್ದು ಹಾಕಿ ಹೊಡೆದು ಪರೀಕ್ಷೆ ಮಾಡಿ ಮುದ್ರೆ ಒತ್ತಿರ್ತಾರೆ. ಲೇತಿನಲ್ಲಿ ಮಾಡಿದ್ದಕ್ಕೆ ಆ ಪರೀಕ್ಷೆ ಯಾರು ಮಾಡ್ತಾರೆ? ಮೊದಲ ಈಡು ಹೊಡೆಯೋನ ಮುಖವೇ ಮಾಡ್ಬೇಕು."

ಅಜ್ಜ ಆವಾಗ ಮೊದಲ ಸಲ ತಲೆ ಆಡಿಸಿದರು. ನಮ್ಮ ಮನೆಯಿಂದ ಎರಡು ಮನೆ ಆಚೆ ಒಬ್ಬರಿದ್ದಾರೆ. ಎಡಗೈಯಲ್ಲಿ ಎರಡು ಬೆರಳಿಲ್ಲ. ಹರೆಯದಲ್ಲಿ ಹಳೇ ಕೋವಿಯ ಹಿಂಭಾಗ ಯಾರ ಹತ್ತಿರವೋ ಬದಲಾಯಿಸಿಕೊಂಡು ಬಂದಿದ್ದರು. ಅವರ ಮಗ ಅಣ್ಣನ ಜೊತೆಗೇ ಓದಿದವನು. ಈ ವಿಷಯ ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಸೀಮೆಸುಣ್ಣ ಹಿಡಿಯುತ್ತೇವೆ.

ಇನ್ನು ಕಾನೂನು. ಓದಿದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ.

1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ಕೋವಿಯನ್ನು ಬದಲಾಯಿಸುವ ಲೈಸೆನ್ಸ್ ಬೇರೆ. ನಳಿಗೆ ಕೊಯ್ದು ಗಿಡ್ಡ ಮಾಡುವುದು, ಒಂದು ಬಗೆಯ ಕೋವಿಯನ್ನು ಇನ್ನೊಂದು ಬಗೆಗೆ ತಿರುಗಿಸುವುದು, ಎರಡಕ್ಕೂ ಪ್ರತ್ಯೇಕ ಅನುಮತಿ ಬೇಕು. ಇಲ್ಲದೆ ಮಾಡಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆಯೇ ಏಳು ವರ್ಷ, ಜೀವಾವಧಿಯವರೆಗೂ ಹೋಗಬಹುದು. ಅಣ್ಣ ಎಳೆದ ಆ ಬಿಳಿ ಗೆರೆಯ ಬೆಲೆ ಏಳು ವರ್ಷ.

ಇನ್ನೊಂದು ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದು ಬಂದಿದ್ದು 1972ರಲ್ಲಿ, ಅಜ್ಜ ಕೋವಿ ತಂದ ಎರಡು ವರ್ಷಕ್ಕೆ. ಶರಾವತಿ ಕಣಿವೆ ಅಭಯಾರಣ್ಯ ಘೋಷಣೆ ಆಗಿದ್ದೂ ಅದೇ ವರ್ಷ. ಮೊದಮೊದಲು ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ಸಿಗುತ್ತಿತ್ತು. 1991ರ ತಿದ್ದುಪಡಿಯ ನಂತರ ಅದೂ ನಿಂತಿತು. ಹಂದಿಯೂ ರಕ್ಷಣೆಯ ಪಟ್ಟಿಯಲ್ಲಿದೆ. ಬೆಳೆಗೆ, ಜೀವಕ್ಕೆ ಅಪಾಯ ಆದಾಗ ಅರಣ್ಯ ಇಲಾಖೆಯ ಅಧಿಕಾರ ಇರುವವರು ಲಿಖಿತ ಅನುಮತಿ ಕೊಡಬಹುದು ಅಂತ 11ನೇ ಕಲಂ ಹೇಳುತ್ತದೆ. ಹಾಗೆ ಹೊಡೆದ ಪ್ರಾಣಿಯೂ ಸರ್ಕಾರದ್ದು, ನಮ್ಮ ಸಾರಿನ ಪಾತ್ರೆಯದ್ದಲ್ಲ.

ಕಾರ್ಗಲ್ ಸುತ್ತಿನವರು ತಿಳಿದಿರಬೇಕಾದ ಇನ್ನೊಂದು ಸಂಗತಿ 34ನೇ ಕಲಂ. ಅಭಯಾರಣ್ಯದ ಒಳಗೆ ಅಥವಾ ಅದರಿಂದ ಹತ್ತು ಕಿಲೋಮೀಟರ್ ಒಳಗೆ ಇರುವ, ಕೋವಿ ಲೈಸೆನ್ಸ್ ಹೊಂದಿದವರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು. ಆ ಹತ್ತು ಕಿಲೋಮೀಟರಿನಲ್ಲಿ ಹೊಸ ಲೈಸೆನ್ಸ್ ಕೊಡುವ ಮೊದಲು ವನ್ಯಜೀವಿ ಮುಖ್ಯಸ್ಥರ ಒಪ್ಪಿಗೆ ಬೇಕು. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಕೋವಿ ಹಿಡಿದು ಕಾಲಿಟ್ಟರೇ ತಪ್ಪು, ಹೊಡೆಯುವುದು ಆಮೇಲಿನ ಮಾತು.

ವಾಪಸ್ ಬಂದು ಇಷ್ಟನ್ನೂ ಅಣ್ಣನಿಗೆ ಹೇಳಿದೆ. ಅವನು ಸುಮ್ಮನೆ ಕೇಳಿದ. ಆಮೇಲೆ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಕೊಡಗಿನವರಿಗೆ ಲೈಸೆನ್ಸೇ ಬೇಡ. ನಮಗೆ ಲೈಸೆನ್ಸ್ ಇದ್ರೂ ಕೋವಿ ಇಲ್ಲ, ಕೋವಿ ಇದ್ರೂ ತೋಟೆ ಇಲ್ಲ, ತೋಟೆ ಇದ್ರೂ ಹೊಡೆಯೋ ಹಾಗಿಲ್ಲ. ಅಣೆಕಟ್ಟಿಗೆ ಅಂತ ಎಬ್ಬಿಸಿ ಕಾಡಿನ ಬಾಯಲ್ಲಿ ಕೂರ್ಸಿದ್ದು ಯಾರು? ಹಂದಿ ಕಾನೂನು ಓದಿದೆಯಾ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಕೊಡಗಿನ ವಿಷಯ ಅವನು ಹೇಳಿದ್ದು ಸರಿ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ ಹಿಡುವಳಿದಾರರಿಗೆ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಹಂದಿ ಹೊಡೆಯಲು ಅಲ್ಲಿಯೂ ಇದೇ ವನ್ಯಜೀವಿ ಕಾಯ್ದೆ. ಕೇರಳದಲ್ಲಿ 2022ರಿಂದ ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯ್ತಿ ಅಧ್ಯಕ್ಷರಿಗೇ ಕೊಟ್ಟಿದ್ದಾರೆ. ಲೈಸೆನ್ಸ್ ಇರುವ ಕೋವಿಯವರೇ ಹೊಡೆಯಬೇಕು, ಲೆಕ್ಕ ಇಡಬೇಕು, ಹೂಳಬೇಕು. ನಮ್ಮಲ್ಲೂ ಕೇಳಬೇಕಾಗಿದ್ದು ಇಂಥದ್ದು ಅಂತ ನನಗೆ ಅನ್ನಿಸುತ್ತದೆ. ರಾತ್ರೋರಾತ್ರಿ ಗರಗಸ ಹಿಡಿಯುವುದರಿಂದ ಗ್ರಾಮಸಭೆಯಲ್ಲಿ ಒಂದು ಠರಾವೂ ಆಗುವುದಿಲ್ಲ.

ಅಣ್ಣ ಅದಕ್ಕೂ ಮೊದಲು ಬೇರೆ ದಾರಿ ನೋಡಿರಲಿಲ್ಲ ಅಂತಲ್ಲ. ಪಿವಿಸಿ ಪೈಪಿನ ಕಾರ್ಬೈಡ್ ಕೋವಿ ತಂದಿದ್ದ, ಮಂಗ ಓಡಿಸಲು. ಎರಡು ದಿನ ಮಂಗ ಹೆದರಿದವು, ಮೂರನೇ ದಿನ ತೆಂಗಿನ ಮರದ ಮೇಲೆ ಕೂತು ತಮಾಷೆ ನೋಡಿದವು. ಉರಿ ಹತ್ತಲಿಲ್ಲ ಅಂತ ಪೈಪಿನ ಬಾಯಿಗೆ ಕಣ್ಣಿಟ್ಟು ನೋಡಲು ಹೋದವನನ್ನು ಅಮ್ಮ ಬೈದು ಎಳೆದಿದ್ದರು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇದೇ ಥರದ ಪೈಪಿನ ಕೋವಿಯಿಂದ ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟಾದ ಸುದ್ದಿ ಬಂದ ಮೇಲೆ ಅಮ್ಮ ಅದನ್ನು ಗೊಬ್ಬರದ ಗುಂಡಿಗೆ ಹಾಕಿದರು.

ಮಂಗನಿಗೆ ಕೋವಿ ಹೊಡೆಯುವ ಮಾತು ನಮ್ಮೂರಿನಲ್ಲಿ ಯಾರೂ ಎತ್ತುವುದಿಲ್ಲ. 2019ರಲ್ಲಿ ಅರಳಗೋಡಿನ ಸುತ್ತ ಮಂಗನ ಕಾಯಿಲೆ ಬಂದು ಜನ ಸತ್ತಿದ್ದನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಕಾಯಿಲೆ ಇದು. ಕಾಯಿಲೆ ಬಂದ ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಕೆಳಗಿಳಿದು ಬೇರೆ ಮೈ ಹುಡುಕುತ್ತದೆ. ಸತ್ತ ಮಂಗ ಮುಟ್ಟಬೇಡಿ, ತಿಳಿಸಿ ಅಂತ ಆಗ ಮನೆಮನೆಗೆ ಬಂದು ಹೇಳಿದ್ದರು. ಕಾಡಿನಲ್ಲಿ ಒಂದು ಹೆಣ ಬಿದ್ದರೆ ಅದು ಅಲ್ಲಿಗೇ ಮುಗಿಯುವುದಿಲ್ಲ ಅಂತ ನಮಗೆ ಗೊತ್ತು.

ಆ ರಾತ್ರಿ ಊಟ ಆದ ಮೇಲೆ ಅಜ್ಜ ಟ್ರಂಕು ತರಲು ಹೇಳಿದರು. ರಸೀದಿಯ ಕಟ್ಟಿನ ಅಡಿಯಿಂದ ಒಂದು ಹಳೇ ಬಿಸ್ಕತ್ ಡಬ್ಬ ತೆಗೆದು ಅಣ್ಣನ ಮುಂದೆ ಇಟ್ಟರು. ಒಳಗೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ತೋಟೆ. ಹಿತ್ತಾಳೆ ಹಸಿರುಗಟ್ಟಿತ್ತು.

"ತೋಟೆ ಇಲ್ಲ ಅಂತಿದ್ಯಲ್ಲ ಅಜ್ಜ?" ಅಣ್ಣನ ಬಾಯಿ ತೆರೆದೇ ಇತ್ತು.

"ಇಲ್ಲ ಅಂದ್ರೆ ಯಾರೂ ಕೇಳದಿಲ್ಲ, ಅದಕ್ಕೆ ಹಂಗಂದೆ."

ಆಮೇಲೆ ಹೇಳಿದರು. ನಮ್ಮ ಅಪ್ಪ ಹೈಸ್ಕೂಲಿನಲ್ಲಿದ್ದ ಕಾಲ. ಇದೇ ಥರ ಕೊಯ್ಲಿನ ಮುಂಚೆ ಅಜ್ಜ ಮಾಳದ ಮೇಲೆ ಕೂತಿದ್ದರಂತೆ. ಅಮಾವಾಸ್ಯೆ ಹತ್ತಿರದ ಕತ್ತಲು. ಅಂಚಿನ ಆಚೆ ಪೊದೆ ಅಲ್ಲಾಡಿತು. ಉಸಿರು ಬಿಟ್ಟ ಸದ್ದು ಕೇಳಿತು. ಕಪ್ಪಗೆ ಬೆನ್ನು ಕಂಡ ಹಾಗಾಯಿತು. ಈಡು ಹೊಡೆದರು. ಬಿದ್ದ ಸದ್ದೂ ಆಯಿತು. ಲಾಟೀನು ಹಿಡಿದು ಹೋದರೆ ಬಿದ್ದಿದ್ದು ಪಕ್ಕದ ಮನೆಯವರ ಎಮ್ಮೆ. ಕರು ಹಾಕಲು ದಿನ ಎಣಿಸುತ್ತಿದ್ದ ಎಮ್ಮೆ. ಹಗ್ಗ ಬಿಚ್ಚಿಕೊಂಡು ಬಂದಿತ್ತು.

"ಬೆಳಗಾಗೋ ತನಕ ಅದರ ಹತ್ರವೇ ಕೂತಿದ್ದೆ" ಅಂದರು ಅಜ್ಜ. "ಅದನ್ನ ಹುಡುಕ್ಕಂಡು ಅವರ ಮನೆ ಹುಡುಗ ಹಿಂದೆ ಹಿಂದೆನೇ ಬರ್ತಾ ಇದ್ದ. ಹತ್ತು ಮಾರು ಹಿಂದೆ ಇದ್ದ. ಎಮ್ಮೆ ಆಗಿದ್ದಕ್ಕೆ ನಾನಿವತ್ತು ಇಲ್ಲಿ ಕೂತೀನಿ. ಅವ ಮುಂದೆ ಇದ್ದಿದ್ರೆ?"

ಮರುದಿನ ನಮ್ಮ ಕೊಟ್ಟಿಗೆಯ ಒಳ್ಳೆಯ ಎಮ್ಮೆಯನ್ನು ಹಗ್ಗ ಸಮೇತ ಅವರ ಮನೆಗೆ ಹೊಡೆದುಕೊಂಡು ಹೋಗಿ ಕೊಟ್ಟು ಬಂದರಂತೆ. ಅವರು ಊರಿಗೆ ಹೇಳಲಿಲ್ಲ. ಅಜ್ಜ ಮನೆಗೂ ಹೇಳಲಿಲ್ಲ. ಎಮ್ಮೆ ಯಾಕೆ ಕೊಟ್ಟೆ ಅಂತ ಅಜ್ಜಿ ಸಾಯುವ ತನಕ ಕೇಳುತ್ತಿದ್ದರು. ಆ ಹುಡುಗ ಈಗ ನಮ್ಮೂರಿನಲ್ಲೇ ಇದ್ದಾರೆ, ಐವತ್ತು ದಾಟಿದೆ, ಅವರಿಗೂ ಮೊಮ್ಮಕ್ಕಳಿದ್ದಾರೆ.

"ಕೊಯ್ದ್ರೆ ಕೋವಿ ಗಿಡ್ಡ ಆಗ್ತದೆ ಮಗಾ, ಕತ್ತಲು ಗಿಡ್ಡ ಆಗದಿಲ್ಲ" ಅಂದರು ಅಜ್ಜ. ಕವಳದ ಸಂಚಿ ಕಟ್ಟಿ ಮಲಗಲು ಎದ್ದರು.

ನಾನು ವಾರಗಟ್ಟಲೆ ತಂದ ಕಲಂಗಳಿಂದ ಆಗದ ಕೆಲಸ ಆ ಎಮ್ಮೆಯಿಂದ ಆಯಿತು. ಅಣ್ಣ ಬಹಳ ಹೊತ್ತು ಕೂತಿದ್ದ. ಆಮೇಲೆ ಒದ್ದೆ ಬಟ್ಟೆ ತಂದು ನಳಿಗೆಯ ಮೇಲಿನ ಬಿಳಿ ಗೆರೆ ಒರೆಸಿದ.

ಕತೆ ಇಲ್ಲಿಗೆ ಸುಖವಾಗಿ ಮುಗಿಯಿತು ಅಂದುಕೊಳ್ಳಬೇಡಿ. ಹಂದಿ ಮಾರನೇ ರಾತ್ರಿಯೂ ಬಂದವು. ಆ ವರ್ಷ ಮನೆಗೆ ಅಕ್ಕಿ ಕೊಂಡು ತಂದೆವು.

ಈ ಮಳೆಗಾಲಕ್ಕೆ ಮೊದಲು ನಾಲ್ಕು ಮನೆಯವರು ಸೇರಿ ಸೋಲಾರ್ ಬೇಲಿ ಹಾಕಿಸಿದ್ದೇವೆ. ನಮ್ಮ ಕಡೆ ಐಬೆಕ್ಸ್ ಬೇಲಿ ಅಂತಲೇ ಹೇಳುವುದು. ತಂತಿಯಲ್ಲಿ ಕ್ಷಣಕ್ಕೊಮ್ಮೆ ಬರುವ ಶಾಕು ಪ್ರಾಣಿಯನ್ನು ಕೊಲ್ಲುವುದಿಲ್ಲ, ಹಿಂದಕ್ಕೆ ಹಾರಿಸುತ್ತದೆ. ಮನೆಯ ಕರೆಂಟನ್ನೇ ನೇರ ತಂತಿಗೆ ಕೊಡುವವರಿದ್ದಾರೆ, ಅದು ಕೊಲೆಗೆ ಸಮ. ಬೇಲಿಗೂ ಕೆಲಸ ಇದೆ. ಮಳೆಗಾಲದಲ್ಲಿ ಬಳ್ಳಿ ಏರಿ ತಂತಿಗೆ ತಾಗಿದರೆ ಶಾಕು ನೆಲಕ್ಕೆ ಹೋಗುತ್ತದೆ. ವಾರಕ್ಕೊಮ್ಮೆ ಸುತ್ತು ಹಾಕಿ ಸವರಬೇಕು. ಒಂದು ವಾರ ತಪ್ಪಿದ್ದಕ್ಕೆ ಒಂದು ರಾತ್ರಿ ಹಂದಿ ನುಗ್ಗಿದ್ದೂ ಆಯಿತು. ಕೊಯ್ಲಿನ ಹದಿನೈದು ದಿನ ನಾಲ್ಕು ಮನೆಯವರು ಸರದಿಯಲ್ಲಿ ಮಾಳ ಕಾದರು, ಬ್ಯಾಟರಿ ಮತ್ತು ತಗಡಿನ ಡಬ್ಬ ಹಿಡಿದು. ಎಮ್ಮೆ ಕಳೆದುಕೊಂಡವರ ಮನೆಯವರೂ ಸರದಿಯಲ್ಲಿದ್ದರು. ಈ ಸಲ ಹದಿನಾಲ್ಕು ಚೀಲ ಬಂತು. ಹದಿನೆಂಟಲ್ಲ, ಹದಿನಾಲ್ಕು.

ಕೋವಿಯ ವಿಷಯಕ್ಕೆ ಬಂದರೆ, ಲೈಸೆನ್ಸ್‌ದಾರರು ತೀರಿಕೊಂಡ ಮೇಲೆ ಮಾತ್ರ ವಾರಸುದಾರರು ಅರ್ಜಿ ಹಾಕಬೇಕು ಅಂತ ನಾವು ತಿಳಿದಿದ್ದೆವು. ಹಾಗಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಎಪ್ಪತ್ತು ವರ್ಷ ದಾಟಿದವರು, ಅಥವಾ ಇಪ್ಪತ್ತೈದು ವರ್ಷ ಕೋವಿ ಇಟ್ಟುಕೊಂಡವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೊಡಲು ಅರ್ಜಿ ಹಾಕಬಹುದು. ಅಜ್ಜನಿಗೆ ಈಗ ಎಂಬತ್ತು ದಾಟಿದೆ. ಮುಂದೆ ಹಠಾತ್ತನೆ ಏನಾದರೂ ಆದರೆ ಅಟ್ಟದ ಮೇಲಿನ ಕೋವಿ ಒಂದೇ ದಿನಕ್ಕೆ ಲೈಸೆನ್ಸ್ ಇಲ್ಲದ ಕೋವಿ ಆಗುತ್ತದೆ, ಮನೆಯಲ್ಲಿರುವವರು ಅಪರಾಧಿಗಳಾಗುತ್ತಾರೆ. ಎಷ್ಟೋ ಮನೆಗಳಲ್ಲಿ ಇದು ಆಗಿದೆ, ಗೊತ್ತಿಲ್ಲದೆ. ನಿಮ್ಮ ಮನೆಯಲ್ಲೂ ವಯಸ್ಸಾದವರ ಹೆಸರಿನಲ್ಲಿ ಕೋವಿ ಇದ್ದರೆ ಇವತ್ತೇ ಲೈಸೆನ್ಸ್ ಪುಸ್ತಕ ತೆಗೆದು ನವೀಕರಣದ ದಿನಾಂಕ ನೋಡಿ. ಮೊದಲು ಮೂರು ವರ್ಷಕ್ಕೊಮ್ಮೆ ಇತ್ತು, 2019ರ ತಿದ್ದುಪಡಿಯ ನಂತರ ಐದು ವರ್ಷ.

ಅಣ್ಣ ಅರ್ಜಿ ಹಾಕಿದ್ದಾನೆ. ಯಾಕೆ ಬೇಕು ನಿನಗೆ, ಹೊಡೆಯುವುದೂ ಇಲ್ಲವಲ್ಲ ಅಂತ ಕೇಳಿದೆ. "ಅಜ್ಜಂದು ಅಲ್ವಾ" ಅಂದ. ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಮಹಾಯುದ್ಧಗಳು ಮುಗಿದ ಮೇಲೆ ಅಮೆರಿಕದಲ್ಲಿ ಸೈನ್ಯ ಹೊರಹಾಕಿದ ಹಳೇ ರೈಫಲ್‌ಗಳನ್ನು ಜನ ಅಗ್ಗಕ್ಕೆ ಕೊಂಡು, ಮರ ಕೆತ್ತಿ, ನಳಿಗೆ ಕೊಯ್ದು ಜಿಂಕೆ ಬೇಟೆಗೆ ಬಳಸಿದರಂತೆ. ಈಗ ಕೊಯ್ಯದೆ ಉಳಿದ ರೈಫಲ್‌ಗೇ ಅಲ್ಲಿ ಬೆಲೆ ಜಾಸ್ತಿ. ನಮ್ಮ ಕೋವಿಗೆ ಅಂಥ ಬೆಲೆ ಬರುತ್ತದೆ ಅಂತಲ್ಲ. ಒಂದು ಸಲ ಕೊಯ್ದಿದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ, ಅಷ್ಟೇ.

ಅರ್ಜಿ ತೀರ್ಮಾನ ಆಗುವ ತನಕ ಕೋವಿ ಮನೆಯಲ್ಲಿ ಬೇಡ ಅಂತ ಅಜ್ಜನೇ ಹೇಳಿದರು. ಅವರು ಮತ್ತು ಅಣ್ಣ ಇಬ್ಬರೂ ಬಸ್ಸಿನಲ್ಲಿ ಹೋಗಿ ಜಮಾ ಮಾಡಿ ಬಂದರು. ಹಸಿರುಗಟ್ಟಿದ ನಾಲ್ಕು ತೋಟೆಯನ್ನೂ ಕೊಟ್ಟು ಬಂದರು. ಗೋಣಿ ಸುತ್ತಿದ ಕೋವಿಯನ್ನು ಈ ಸಲ ತೊಡೆಯ ಮೇಲೆ ಇಟ್ಟುಕೊಂಡಿದ್ದು ಅಣ್ಣ.

ಸಂಜೆ ಮನೆಗೆ ಬಂದು ಅಜ್ಜ ರಸೀದಿಯನ್ನು ಟ್ರಂಕಿನ ಕಟ್ಟಿಗೆ ಸೇರಿಸಿದರು. "ಎಲೆಕ್ಷನ್ ಇಲ್ದೆ ಸಿಕ್ಕ ಮೊದಲ ರಸೀದಿ ಇದು" ಅಂತ ನಕ್ಕರು. ಆಮೇಲೆ ಅಣ್ಣನಿಗೆ, "ಬೇಲಿ ಬಳ್ಳಿ ಸವರಿದ್ಯನಾ?" ಅಂದರು.

ಅಣ್ಣ ಕತ್ತಿ ಹಿಡಿದು ಹೊರಟ. ಕತ್ತಲಾಗಲು ಇನ್ನೂ ಅರ್ಧ ಗಂಟೆ ಇತ್ತು.